ಎರೆಭೂತ ನೋಡಲು ಮರಳುಗಾಡಿಗೆ

ಈ ಸಲ ನಿಮ್ಮನ್ನು ಹೊಳೆ ಇಲ್ಲದ, ಗುಡ್ಡ ಇಲ್ಲದ, ನೆರಳಿಗೆಂದು ಒಂದು ದೊಡ್ಡ ಮರವೂ ಸುಲಭಕ್ಕೆ ಸಿಗದ ಕಡೆಗೆ ಕರೆದುಕೊಂಡು ಹೋಗುತ್ತೇನೆ. "ಅಲ್ಲಿ ನೋಡೋದಕ್ಕೆ ಏನಿದೆ?" ಅಂತ ನೀವು ಕೇಳುತ್ತೀರಿ, ಗೊತ್ತು. ನಮ್ಮ ಓಣಿಯವರೆಲ್ಲ ಹಾಗೇ ಕೇಳಿದರು. ದುಡ್ಡು ಕೊಟ್ಟು ಬಿಸಿಲಿಗೆ ಹೋಗುತ್ತಾರಲ್ಲ ಅಂತ ನಕ್ಕರು ಕೂಡ. ನಾವು ಹೋಗಿದ್ದು ಡಿಸೆಂಬರಿನಲ್ಲಿ, ಅಲ್ಲಿ ಬಿಸಿಲಿಗಿಂತ ಚಳಿಯದ್ದೇ ದರ್ಬಾರು. ಅದನ್ನು ಆಮೇಲೆ ಹೇಳುತ್ತೇನೆ.

ರಾಜಸ್ಥಾನದ ಪಶ್ಚಿಮದ ತುದಿಯಲ್ಲಿ, ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಜಾಗ ಇದು. ಹೆಸರು ಮರುಭೂಮಿ ರಾಷ್ಟ್ರೀಯ ಉದ್ಯಾನ. 1980ರಲ್ಲಿ ಇದನ್ನು ಕಾಯ್ದಿಟ್ಟರು. ವಿಸ್ತೀರ್ಣ 3162 ಚದರ ಕಿಲೋಮೀಟರ್. ಉದ್ಯಾನ ಎಂದ ಕೂಡಲೇ ಲಾಲ್‌ಬಾಗಿನ ಹೂವಿನ ಮಡಿಗಳನ್ನು ನೆನೆಸಿಕೊಳ್ಳಬೇಡಿ. ಬೇಲಿ ಹಾಕಿ ಟಿಕೆಟ್ಟು ಕೊಡುವ ಒಂದೇ ಬಾಗಿಲು ಕೂಡ ಇದಕ್ಕಿಲ್ಲ. ಹೆಸರಿನಲ್ಲಿ ರಾಷ್ಟ್ರೀಯ ಉದ್ಯಾನವಾದರೂ ಕಾನೂನಿನ ಲೆಕ್ಕದಲ್ಲಿ ಇದು ಅಭಯಾರಣ್ಯ. ಒಳಗೆ ಹಳ್ಳಿಗಳಿವೆ, ಹೊಲಗಳಿವೆ, ಕುರಿ ಮೇಕೆ ಒಂಟೆ ಎಲ್ಲ ಇವೆ. ಇನ್ನೊಂದು ಮಾತು. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲಿ ನೋಡಿದರಲ್ಲಿ ಮರಳಿನ ದಿಬ್ಬ ಇರುವುದಿಲ್ಲ. ದಿಬ್ಬಗಳು ಚಿಕ್ಕ ಪಾಲು. ಉಳಿದದ್ದೆಲ್ಲ ಕಲ್ಲುನೆಲ, ಗಟ್ಟಿ ನೆಲ, ಹುಲ್ಲಿನ ಬಯಲು.

ಆ ಹುಲ್ಲಿನ ಬಯಲಿಗಾಗಿಯೇ ನಾವು ಹೋದದ್ದು, ಅಲ್ಲಿರುವ ಒಂದು ಹಕ್ಕಿಯನ್ನು ನೋಡಲು. ನಮ್ಮದು ರಾಣೆಬೆನ್ನೂರು. ಅತ್ತೆಯವರ ತವರು ಇದೇ ತಾಲ್ಲೂಕಿನ ಒಂದು ಹಳ್ಳಿ. ಅವರಿಗೆ ಆಗ 74 ವರ್ಷ. 2024ರ ಅಕ್ಟೋಬರಿನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಜೈಸಲ್ಮೇರಿನ ಸಂವರ್ಧನಾ ಕೇಂದ್ರದಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹಕ್ಕಿಗೆ ಕೃತಕ ಗರ್ಭಧಾರಣೆ ಮಾಡಿಸಿ ಮೊದಲ ಸಲ ಮರಿ ಪಡೆದಿದ್ದಾರೆ ಅಂತ. ಪಕ್ಕದಲ್ಲಿ ದೊಡ್ಡ ಹಕ್ಕಿಯ ಚಿತ್ರ. ಸೊಪ್ಪು ಸೋಸುತ್ತಾ ಕೂತಿದ್ದ ಅತ್ತೆ ಪೇಪರನ್ನು ಎಳೆದುಕೊಂಡು, "ಅಯ್ಯ ಯವ್ವಾ, ಇದು ನಮ್ಮ ಎರಿಭೂತ ಅಲ್ಲೇನ? ನಾ ಸಣ್ಣಾಕಿದ್ದಾಗ ನಮ್ಮ ಹೊಲದಾಗ ಅಡ್ಡಾಡತಿತ್ತು" ಅಂದರು.

ಎರೆ ಅಂದರೆ ಕಪ್ಪು ನೆಲ, ನಿಮಗೆ ಗೊತ್ತೇ ಇದೆ. ಸಂಜೆ ಮಬ್ಬಿನಲ್ಲಿ ಎರೆಹೊಲದ ನಡುವೆ ಈ ಹಕ್ಕಿ ಕತ್ತು ಎತ್ತಿ ನಿಂತರೆ ಯಾರೋ ಮನುಷ್ಯರೇ ನಿಂತ ಹಾಗೆ ಕಾಣುತ್ತಿತ್ತಂತೆ. ಅದಕ್ಕೇ ಭೂತ ಅನ್ನುತ್ತಿದ್ದರು ಅಂತ ಅತ್ತೆ ಹೇಳುತ್ತಾರೆ. ಎತ್ತರ ಸುಮಾರು ಒಂದು ಮೀಟರು. ಗಂಡು 15 ಕಿಲೋವರೆಗೆ ತೂಗುತ್ತದೆ! ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಈಗ ಇಡೀ ದೇಶದಲ್ಲಿ ಬಯಲಿನಲ್ಲಿ ಉಳಿದಿರುವುದು ಸುಮಾರು 150 ಮಾತ್ರ, ಅವುಗಳಲ್ಲಿ ಹೆಚ್ಚಿನವು ಜೈಸಲ್ಮೇರಿನಲ್ಲೇ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳಲ್ಲಿ ಎಣಿಸುವಷ್ಟು ಕಂಡಿವೆ. ನಮ್ಮ ರಾಣೆಬೆನ್ನೂರಿನಲ್ಲಿ ಇಲ್ಲ.

ಅತ್ತೆ ಅದುವರೆಗೆ ಯಾವುದನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಕಣ್ಣಿಗೆ ಆಗಬೇಕಿತ್ತು. "ಕಣ್ಣು ಇರೂದ್ರೊಳಗ ಒಮ್ಮೆ ನೋಡಬೇಕು" ಅಂದರು. ನಮ್ಮ ಯಜಮಾನರು ಮೊದಲು ಒಪ್ಪಲಿಲ್ಲ. ಈ ವಯಸ್ಸಿನವರನ್ನು ಟೆಂಟಿನಲ್ಲಿ ಮಲಗಿಸುವುದೇ, ಚಳಿ ಹಿಡಿದರೆ ಯಾರು ನೋಡುವವರು ಅಂತ. ಡಿಗ್ರಿ ಓದುವ ಮಗಳು ಅಜ್ಜಿಯ ಪಕ್ಷ ವಹಿಸಿದಳು. ಎರಡು ಹೆಂಗಸರ ಹಟದ ಎದುರು ಗಂಡಸು ಎಷ್ಟು ದಿನ ನಿಂತಾನು? ಡಾಕ್ಟರನ್ನು ಕೇಳಿ, ಔಷಧಿಯ ಚೀಟಿ ಬರೆಸಿಕೊಂಡು ಹೊರಟೆವು.

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಜೋಧಪುರಕ್ಕೆ ಹೋಗುವ ರೈಲಿದೆ. ದಿನಾ ಇರುವುದಿಲ್ಲ, ವಾರದ ದಿನ ನೋಡಿಕೊಂಡು ರಿಸರ್ವೇಶನ್ ಮಾಡಿಸಬೇಕು. ನಾವು ಹುಬ್ಬಳ್ಳಿಯಲ್ಲಿ ಹತ್ತಿದೆವು. ಸುಮಾರು ಒಂದೂವರೆ ದಿನದ ಹಾದಿ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಗುಳ್ಳಡಕಿ ಉಂಡಿ ಕಟ್ಟಿಕೊಂಡಿದ್ದೆ. ಈ ರೊಟ್ಟಿ ಮರಳುಗಾಡಿನಲ್ಲೂ ನಮ್ಮ ಕೈ ಬಿಡಲಿಲ್ಲ, ಅಲ್ಲಿನ ಒಣ ಹವೆಗೆ ಹಪ್ಪಳದ ಹಾಗೆ ಗರಿಗರಿಯಾಗಿಯೇ ಇತ್ತು. ಜೋಧಪುರದಿಂದ ರಾತ್ರಿ ರೈಲು ಹಿಡಿದರೆ ಬೆಳಗ್ಗೆ ಜೈಸಲ್ಮೇರ್.

ಜೈಸಲ್ಮೇರಿನ ಹಳದಿ ಕಲ್ಲಿನ ಕೋಟೆಯ ಬಗ್ಗೆ ನೀವು ಓದಿರುತ್ತೀರಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಲು ಶುರು ಮಾಡಿದ್ದು. ಇಂದಿಗೂ ಒಳಗೆ ಸಂಸಾರಗಳು ವಾಸವಾಗಿವೆ. ಕೋಟೆಯ ಓಣಿಯಲ್ಲಿ ಬಟ್ಟೆ ಒಣಹಾಕಿದ್ದು, ಹೊಸಿಲಿನಲ್ಲಿ ಅಜ್ಜಿಯರು ಕಾಳು ಹಸನು ಮಾಡುತ್ತಿದ್ದುದು ನನಗೆ ಕೆತ್ತನೆಯ ಕಿಟಕಿಗಳಿಗಿಂತ ಹೆಚ್ಚು ಇಷ್ಟವಾಯಿತು. ಅರ್ಧ ದಿನ ಸಾಕು.

ಊರಿಂದ 17 ಕಿಲೋಮೀಟರ್ ದೂರದಲ್ಲಿ, ಬಾಡಮೇರ್ ರಸ್ತೆಯಲ್ಲಿ, ಆಕಲ್ ಎಂಬ ಜಾಗವಿದೆ. ಅದನ್ನು ಮಾತ್ರ ತಪ್ಪಿಸಬೇಡಿ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರಗಳು ಅಲ್ಲಿ ಕಲ್ಲಾಗಿ ಬಿದ್ದಿವೆ. ತೊಗಟೆಯ ಗೆರೆ ಎಲ್ಲ ಹಾಗೇ ಇದೆ. ಮುಟ್ಟಿದರೆ ಕಲ್ಲು! ಅಂದರೆ ಈ ಒಣನೆಲದಲ್ಲಿ ಒಂದು ಕಾಲಕ್ಕೆ ಬೆಚ್ಚಗಿನ, ಮಳೆಯ ದಟ್ಟ ಕಾಡಿತ್ತು. ಕಲ್ಲಾದ ದಿಮ್ಮಿಗಳಿಗೆ ಕಬ್ಬಿಣದ ಜಾಲರಿ ಹಾಕಿ ಕಾಯ್ದಿದ್ದಾರೆ. ಅತ್ತೆ ಜಾಲರಿಯ ಸಂದಿಯಿಂದ ಬೆರಳು ತೂರಿಸಿ ಮುಟ್ಟಿ, "ಒಲಿಗೂ ಬರಾಂಗಿಲ್ಲ" ಅಂದರು.

ಮೊದಲ ರಾತ್ರಿ ಸಮ್‌ನಲ್ಲಿ. ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಕುಲಧರಾ ಎಂಬ ಹಾಳೂರು ನೋಡಬಹುದು. ಪಾಲಿವಾಲ ಬ್ರಾಹ್ಮಣರ ಊರು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬರಿದಾಯಿತು. ಸಾಲಿಮ್ ಸಿಂಗ್ ಎಂಬ ದಿವಾನನ ಕಾಟ ತಾಳಲಾರದೆ ಒಂದೇ ರಾತ್ರಿ ಎಲ್ಲರೂ ಊರು ಬಿಟ್ಟರು, ಶಾಪ ಹಾಕಿ ಹೋದರು ಎಂಬ ಕತೆಯನ್ನು ಗೈಡುಗಳು ಕಣ್ಣಗಲಿಸಿ ಹೇಳುತ್ತಾರೆ. ನೀರು ಬತ್ತಿದ್ದೇ ಕಾರಣ ಅನ್ನುವವರೂ ಇದ್ದಾರೆ. ನಾನು ಮನೆಗಳನ್ನು ನೋಡಿದೆ. ಗೋಡೆ ನಿಂತಿವೆ, ಮಾಡು ಇಲ್ಲ. ಅಡಿಗೆಮನೆ ಎಲ್ಲಿತ್ತು ಅಂತ ಹುಡುಕಿದೆ. ಶಾಪಕ್ಕಿಂತ ನೀರಿನ ಕತೆ ನನಗೆ ನಂಬಲು ಸುಲಭ. ಕೊಡ ಹೊತ್ತವರಿಗೆ ಗೊತ್ತು.

ಈ ಪಾಲಿವಾಲರು ಸಾಮಾನ್ಯರಲ್ಲ ನೋಡಿ. ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಈ ನೆಲದಲ್ಲಿ ಅವರು ಗೋಧಿ, ಕಡಲೆ ಬೆಳೆದರು. ಕಲ್ಲುನೆಲದ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆಯ ಒಡ್ಡು ಹಾಕುವುದು, ನೀರು ಅಲ್ಲೇ ನಿಂತು ಇಂಗಿದ ಮೇಲೆ ಆ ಹಸಿಯಲ್ಲೇ ಬಿತ್ತುವುದು. ಇದಕ್ಕೆ ಖಡೀನ್ ಅನ್ನುತ್ತಾರೆ. ನಮ್ಮ ಕಡೆ ಹಿಂಗಾರಿ ಜೋಳ, ಕಡಲೆಯನ್ನು ಎರೆಯ ಹಸಿಯಲ್ಲೇ ಬೆಳೆಯುವುದಿಲ್ಲವೇ, ಅದೇ ಲೆಕ್ಕ. ಇಂದಿಗೂ ಕೆಲವು ಖಡೀನುಗಳಲ್ಲಿ ಬೇಸಾಯ ನಡೆದಿದೆ. ರಸ್ತೆ ಪಕ್ಕದಲ್ಲಿ ಒಂದು ಕಡೆ ಹಸಿರು ಕಡಲೆ ಹೊಲ ಕಂಡು ಯಜಮಾನರು ಜೀಪು ನಿಲ್ಲಿಸಿಯೇಬಿಟ್ಟರು.

ಸಮ್‌ನ ದಿಬ್ಬಗಳು ಚೆಂದ, ಸುಳ್ಳು ಹೇಳುವುದಿಲ್ಲ. ಸಂಜೆ ಬಿಸಿಲಿಗೆ ಮರಳಿನ ಮೇಲೆ ಗಾಳಿ ಬರೆದ ಗೆರೆಗಳು ಸೀರೆಯ ಸಣ್ಣ ನೆರಿಗೆಯ ಹಾಗೆ ಕಾಣುತ್ತವೆ. ಒಂಟೆ ಹತ್ತಲು ಅತ್ತೆ ಒಪ್ಪಲಿಲ್ಲ, ಒಂಟೆ ಗಾಡಿಯಲ್ಲಿ ಕೂತರು. ಆದರೆ ಜನ, ಜನ! ಡಿಸೆಂಬರ್ ಕೊನೆಯ ವಾರ ಬೇರೆ. ದಿಬ್ಬದ ಮೇಲೆ ಜೀಪುಗಳನ್ನು ಗರಗರ ಹತ್ತಿಸಿ ಇಳಿಸುವುದು, ಚಿಪ್ಸಿನ ಪಾಕೀಟು ಎಸೆಯುವುದು. ರಾತ್ರಿ ಟೆಂಟುಗಳ ಊರಿನಲ್ಲಿ ಮೊದಲು ಮಾಂಗಣಿಯಾರ್ ಹಾಡುಗಾರರು ಕೂತರು. ಕಮಾಯಿಚಾ ಎಂಬ ತಂತಿವಾದ್ಯ, ಎರಡು ಮರದ ಚೂರುಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಬಾರಿಸುವ ಖಡತಾಲ್. ಮಾತು ತಿಳಿಯದಿದ್ದರೂ ಮೈ ಜುಂ ಎಂದಿತು. ಅರ್ಧ ಗಂಟೆಗೆ ಅವರನ್ನು ಎಬ್ಬಿಸಿ ಸಿನಿಮಾ ಹಾಡನ್ನು ಜೋರಾಗಿ ಹಾಕಿದರು. ನಡುರಾತ್ರಿಯವರೆಗೆ ಅದೇ. ಈ ಸದ್ದಿನಿಂದ ಸ್ವಲ್ಪವೇ ದೂರದಲ್ಲಿ ಆ ಹಕ್ಕಿಯ ಸಂವರ್ಧನಾ ಕೇಂದ್ರ ಇದೆ. 2019ರಲ್ಲಿ ಶುರುವಾದದ್ದು. ಬಯಲಿನಿಂದ ಮೊಟ್ಟೆ ತಂದು ಕಾವು ಕೊಟ್ಟು ಮರಿ ಮಾಡಿ ಬೆಳೆಸುತ್ತಾರೆ. ಒಳಗೆ ನಮ್ಮಂಥವರನ್ನು ಬಿಡುವುದಿಲ್ಲ. ಬಿಡದಿರುವುದೇ ಸರಿ.

ಎರಡನೆಯ ದಿನ ಖುಡಿ ಎಂಬ ಹಳ್ಳಿಗೆ ಹೋದೆವು. ಅದೂ ಉದ್ಯಾನದ ಅಂಚಿನಲ್ಲೇ ಇದೆ, ದಿಬ್ಬಗಳು ಚಿಕ್ಕವು, ಗಲಾಟೆ ಕಡಿಮೆ. ನೀವು ಹೋಗುವುದಾದರೆ ನೇರ ಇಲ್ಲಿಗೇ ಹೋಗಿ. ಒಂದು ಸಂಸಾರ ಮನೆಯ ಹಿಂದೆ ನಾಲ್ಕು ಟೆಂಟು ಹಾಕಿಕೊಂಡಿತ್ತು. ಮಣ್ಣಿನ ಗೋಡೆಗೆ ಸುಣ್ಣದಲ್ಲಿ ಬಳ್ಳಿ ಬರೆದ ಗುಂಡನೆಯ ಗುಡಿಸಲು ಅಡಿಗೆಗೆ. ಟೆಂಟಿನೊಳಗೆ ಮಂಚ, ದಪ್ಪ ರಜಾಯಿ, ಹಿಂದುಗಡೆ ಪಾಯಿಖಾನೆ. ಹೆಂಗಸರಿಗೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು, ಟೆಂಟು ಗೊತ್ತುಮಾಡುವಾಗ ಸಂಕೋಚ ಬಿಟ್ಟು ಕೇಳಿ. ಬೆಳಗ್ಗೆ ತಲೆಗೊಂದು ಬಕೆಟ್ ಬಿಸಿನೀರು, ಹಂಡೆಯಲ್ಲಿ ಕಾಯಿಸಿದ್ದು. ಇನ್ನೊಂದು ಬಕೆಟ್ ಕೇಳಲು ನನಗೆ ಮನಸ್ಸು ಬರಲಿಲ್ಲ, ಯಾಕೆಂದರೆ ಅಂಗಳದ ಮೂಲೆಯಲ್ಲಿ ಅವರ ಟಾಂಕಾ ನೋಡಿದ್ದೆ. ಮಳೆನೀರು ತುಂಬಿಡುವ ನೆಲದೊಳಗಿನ ತೊಟ್ಟಿ ಅದು. ಮುಚ್ಚಳಕ್ಕೆ ಬೀಗ! ನಾವು ಬೀರುವಿಗೆ ಬೀಗ ಹಾಕುತ್ತೇವೆ, ಅವರು ನೀರಿಗೆ. ಈಗ ಇಂದಿರಾ ಗಾಂಧಿ ಕಾಲುವೆಯ ನೀರು ಜಿಲ್ಲೆಯ ಎಷ್ಟೋ ಕಡೆ ಬಂದಿದೆ, ಇವರ ನಲ್ಲಿಗೂ ಕೆಲವು ದಿನ ಬರುತ್ತದಂತೆ. ಆದರೂ ಬೀಗ ತೆಗೆದಿಲ್ಲ. ಊಟದ ತಟ್ಟೆಗಳನ್ನು ಮೊದಲು ಒಣ ಮರಳಿನಲ್ಲಿ ತಿಕ್ಕಿ, ಕೊನೆಗೆ ಚೂರೇ ಚೂರು ನೀರಿನಲ್ಲಿ ಒರೆಸಿ ಇಡುತ್ತಾರೆ. ಹಿತ್ತಾಳೆ ಲೋಟ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆ ಮನೆಯ ಸೊಸೆ ಮುಖದ ಮೇಲೆ ಸೆರಗೆಳೆದುಕೊಂಡು ಒಲೆಯ ಮುಂದೆ ಕೂತಿದ್ದಳು. ಗಂಡಸರು ಆಚೆ ಹೋದ ಕೂಡಲೇ ಸೆರಗು ಹಿಂದಕ್ಕೆ ಹೋಯಿತು, ಮಾತು ಶುರುವಾಯಿತು. ಮಗಳ ಹಿಂದಿಯೇ ನಮಗೆ ಸೇತುವೆ. ಅತ್ತೆಗೆ ಅದೂ ಬೇಕಾಗಲಿಲ್ಲ. ಸಜ್ಜೆ ಹಿಟ್ಟು ನೋಡಿದ್ದೇ ಅವರ ಕೈ ನಿಲ್ಲಲಿಲ್ಲ. ಆಕೆ ಎರಡು ಅಂಗೈಗಳ ನಡುವೆ ತಟ್ಟಿ ತಟ್ಟಿ ದಪ್ಪ ರೊಟ್ಟಿ ಮಾಡುತ್ತಿದ್ದಳು. ಅತ್ತೆ ಹಲಗೆ ಇಸಕೊಂಡು, ಹಿಟ್ಟು ಉದುರಿಸಿ, ನಮ್ಮ ಕಡೆಯ ಹಾಗೆ ಟಪಟಪ ಬಡಿದು ತೆಳ್ಳಗೆ ತಿರುಗಿಸಿದರು. ಆ ಮನೆಯ ಮುದುಕಿ, ಸೊಸೆ, ಮೊಮ್ಮಕ್ಕಳು ಎಲ್ಲ ಸುತ್ತ ಬಂದು ನಿಂತರು. ಅವರ ರೊಟ್ಟಿಗೆ ತುಪ್ಪ ಬೆಲ್ಲ, ನಮ್ಮ ರೊಟ್ಟಿಗೆ ಅವರ ಬೆಳ್ಳುಳ್ಳಿ ಕೆಂಪು ಚಟ್ನಿ. ಆ ಚಟ್ನಿ ನಮ್ಮ ರಂಜಕದ ಅಕ್ಕನೋ ತಂಗಿಯೋ ಇರಬೇಕು.

ಮನೆಯ ಮುಂದೆ ಒಂದು ಖೇಜಡಿ ಮರವಿತ್ತು. ಮಗಳು ಮೊಬೈಲಿನಲ್ಲಿ ನೋಡಿ, "ಅಜ್ಜಿ, ಇದು ನಮ್ಮ ಬನ್ನಿ" ಅಂದಳು. ಅತ್ತೆ ಎದ್ದು ಹೋಗಿ ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾವು ದಸರೆಗೆ ಎಲೆ ಹಂಚಿ ಬಂಗಾರ ಅನ್ನುತ್ತೇವೆ. ಇಲ್ಲಿ ಎಲೆ ಆಡಿಗೆ ಒಂಟೆಗೆ ಮೇವು, ಕಾಯಿ ಮನುಷ್ಯರಿಗೆ ಪಲ್ಯ, ನೆರಳು ಬೆಳೆಗೆ. ರಾಜಸ್ಥಾನದ ರಾಜ್ಯ ಮರವೂ ಇದೇ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿ ಎಂಬಲ್ಲಿ ರಾಜನ ಕಡೆಯವರು ಈ ಮರ ಕಡಿಯಲು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರ ತಬ್ಬಿ ನಿಂತು ಪ್ರಾಣ ಕೊಟ್ಟಳು, ಹಿಂದೆಯೇ ಅವಳ ಮೂವರು ಹೆಣ್ಣುಮಕ್ಕಳು. ಒಟ್ಟು 363 ಜನ ಸತ್ತರು. ಅಡಿಗೆಮನೆಯಿಂದ ಎದ್ದು ಬಂದ ಒಬ್ಬಳಿಂದ ಶುರುವಾದದ್ದು ಅದು.

ರಾತ್ರಿ ಅಮಾವಾಸ್ಯೆ ಹತ್ತಿರವಿತ್ತು. ದೀಪ ಆರಿಸಿದ ಮೇಲೆ ಆಕಾಶ ನೋಡಬೇಕಿತ್ತು ನೀವು! ಅತ್ತೆ ಕೃತ್ತಿಕೆ, ಮೃಗಶಿರಾ ಅಂತ ಬೆರಳು ಮಾಡಿ ತೋರಿಸಿದರು. ಅವರು ಸಣ್ಣವರಿದ್ದಾಗ ಕಣದಲ್ಲಿ ಮಲಗಿ ಕಲಿತದ್ದಂತೆ. ರಾಣೆಬೆನ್ನೂರಿನ ಬೀದಿ ದೀಪದಲ್ಲಿ ನಮಗೆ ಅವು ಮರೆತೇಹೋಗಿವೆ. ಹಗಲು ಸ್ವೆಟರ್ ಬೇಡವೆನಿಸಿದ್ದ ಜಾಗ ಸೂರ್ಯ ಇಳಿದ ಒಂದೇ ಗಂಟೆಯಲ್ಲಿ ಥಂಡಾ ಹೊಡೆಯತೊಡಗಿತು. ಹವೆಯಲ್ಲಿ ತೇವ ಇಲ್ಲ, ಮೋಡವಿಲ್ಲ, ಹಗಲಿನ ಕಾವನ್ನು ಹಿಡಿದಿಡುವವರೇ ಇಲ್ಲ. ಅತ್ತೆಗೆ ಎರಡು ಸ್ವೆಟರ್, ಕಾಲುಚೀಲ, ಮಫ್ಲರ್ ಹಾಕಿ, ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಕಾಲ ಬಳಿ ಇಟ್ಟೆ. ಯಜಮಾನರು ಮೂರು ಸಲ ಎದ್ದು ತಾಯಿಯ ಹಣೆ ಮುಟ್ಟಿ ನೋಡಿದರು.

ಬೆಳಗ್ಗೆ ಆರಕ್ಕೇ ಹೊರಟೆವು. ನಮ್ಮ ಊರಿಗಿಂತ ಅಲ್ಲಿ ಬೆಳಗಾಗುವುದು ತಡ, ಸೂರ್ಯ ಕಂಡಾಗ ಏಳೂವರೆ. ಹೊರಡುವಾಗ ಟಾರ್ಚಿನ ಬೆಳಕಿನಲ್ಲಿ ಮರಳಿನ ಮೇಲೆ ರಾತ್ರಿ ಓಡಾಡಿದವರ ಹೆಜ್ಜೆಗಳು ಕಂಡವು. ದುಂಬಿಯದು ಹೊಲಿಗೆ ಹಾಕಿದ ಹಾಗೆ ಎರಡು ಸಾಲು ಚುಕ್ಕಿ, ನರಿಯದು ನೇರ ಒಂದೇ ಸಾಲು. ಹೋದದ್ದು ಸುದಾಸರಿ ಎಂಬಲ್ಲಿಗೆ. ಉದ್ಯಾನದೊಳಗೆ ತಂತಿಬೇಲಿ ಹಾಕಿ ದನಕರುಗಳನ್ನು ಬಿಡದೆ ಹುಲ್ಲು ಕಾಯ್ದಿರುವ ಬಯಲು ಅದು. ಅರಣ್ಯ ಇಲಾಖೆಯ ಅನುಮತಿ ಬೇಕು, ಹಿಂದಿನ ದಿನವೇ ಜೈಸಲ್ಮೇರಿನಲ್ಲಿ ಆ ಕೆಲಸ ಮುಗಿಸಿಕೊಳ್ಳಿ. ಗುರುತಿನ ಚೀಟಿ ಎಲ್ಲರದೂ ಇರಲಿ, ಪಾಕಿಸ್ತಾನದ ಗಡಿ ಹತ್ತಿರವಲ್ಲವೇ.

ಸೇವಣ್ ಹುಲ್ಲು ಮೊಣಕಾಲೆತ್ತರ, ಒಣಗಿ ಬಂಗಾರದ ಬಣ್ಣ. ನಡುನಡುವೆ ನಮ್ಮದೇ ಎಕ್ಕದ ಗಿಡ. ಚಿಂಕಾರಗಳು ನಿಂತು ನೋಡಿ ನೆಗೆದು ಹೋದವು. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲೂ ಇವು ಇವೆ, 2016ರಲ್ಲಿ ಅಲ್ಲಿ ಇವುಗಳಿಗೆಂದೇ ಅಭಯಾರಣ್ಯ ಮಾಡಿದ್ದಾರೆ. ಒಣಮರದ ಮೇಲೆ ಚಳಿಗಾಲ ಕಳೆಯಲು ಹೊರದೇಶದಿಂದ ಬಂದ ರಣಹದ್ದುಗಳು. ಎಂಟಾಯಿತು, ಎಂಟೂವರೆಯಾಯಿತು. ಹಕ್ಕಿ ಇಲ್ಲ. ಗೈಡು, "ಕೆಲವರು ಮೂರು ದಿನ ಬಂದರೂ ಸಿಗುವುದಿಲ್ಲ" ಅಂದ. ಯಜಮಾನರು ತಾಯಿಯ ಮುಖ ನೋಡಲಾರದೆ ಗಡಿಯಾರ ನೋಡುತ್ತಿದ್ದರು. ನಮಗೆ ಅನುಮತಿ ಇದ್ದದ್ದು ಅದೊಂದೇ ಬೆಳಗ್ಗೆಗೆ.

ಒಂಬತ್ತರ ಹೊತ್ತಿಗೆ ಗೈಡು ಕೈ ಎತ್ತಿ ಜೀಪು ನಿಲ್ಲಿಸಿದ. ಬಲು ದೂರ. ದುರ್ಬೀನು ಮಗಳ ಕೈಯಿಂದ ನನಗೆ ಬಂತು. ಬಿಳಿಯ ಉದ್ದ ಕತ್ತು, ತಲೆಯ ಮೇಲೆ ಕರಿ ಟೊಪ್ಪಿಗೆ, ಕಂದು ಮೈ. ಒಂದು, ಪಕ್ಕದಲ್ಲಿ ಇನ್ನೊಂದು. ಅತ್ತೆಯ ಕಣ್ಣಿಗೆ ಹಿಡಿದೆವು. ಕೈ ನಡುಕಕ್ಕೆ ದುರ್ಬೀನಿನಲ್ಲಿ ಆಕಾಶವೇ ಕಾಣುತ್ತಿತ್ತು ಅವರಿಗೆ. ಎರಡು ಸಲ, ಮೂರು ಸಲ. ಕೊನೆಗೆ ಅದನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಬರಿಗಣ್ಣಿನಲ್ಲೇ ಬಯಲು ನೋಡುತ್ತಾ ಸುಮ್ಮನೆ ಕೂತರು. ನನ್ನ ಎದೆ ಡವಡವ ಅನ್ನುತ್ತಿತ್ತು. ಹಕ್ಕಿ ಎರಡು ಹೆಜ್ಜೆ ನಡೆಯಿತು, ನಿಂತಿತು, ಮತ್ತೆ ನಡೆಯಿತು. "ಹಾಂ! ಹಂಗ ನಡೀತೈತಿ ಅದು. ಗೌಡರು ಹೊಲ ನೋಡಾಕ ಬಂದಂಗ" ಅಂದರು ಅತ್ತೆ. ಅಷ್ಟು ದೂರದಿಂದ, ಪೊರೆಯ ಕಣ್ಣಿನಿಂದ, ನಡಿಗೆಯಿಂದಲೇ ಗುರುತು ಹಿಡಿದರು.

ಇಲ್ಲಿಯವರು ಅದನ್ನು ಗೋಡಾವಣ ಅನ್ನುತ್ತಾರೆ. 1981ರಿಂದ ರಾಜಸ್ಥಾನದ ರಾಜ್ಯ ಪಕ್ಷಿ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಗೂಡು ಕಟ್ಟದೆ ಬರಿ ನೆಲದ ಮೇಲೆ. ನಾಯಿ ನರಿ ತಿಂದರೆ ಆ ವರ್ಷದ ಸಂಸಾರ ಮುಗಿಯಿತು. ಮಿಡತೆ, ಹುಳ, ಹಲ್ಲಿ, ಬೋರೆಹಣ್ಣು ಇದರ ಊಟ. ಹಿಂದೆ ಬೇಟೆಗಾರರು ಕೊಂದರು. ಈಗ ಕೊಲ್ಲುತ್ತಿರುವುದು ಕರೆಂಟಿನ ತಂತಿ. ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಹಾರುವಾಗ ನೇರ ಎದುರಿಗಿರುವ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಕಂಡಾಗ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗುವುದಿಲ್ಲ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ನೋಡಿದ್ದೀರಲ್ಲ, ಅಂಥ ಗಾಳಿ ಫ್ಯಾನುಗಳು ಜೈಸಲ್ಮೇರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ. ಜೊತೆಗೆ ಸೋಲಾರ್ ಹಲಗೆಗಳು. ಅವುಗಳ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ಅದು ಎಲ್ಲ ಕಡೆ ಆಗದ ಮಾತು ಅಂತ ಸರಕಾರ ಹೇಳಿದ ಮೇಲೆ 2024ರ ಮಾರ್ಚಿನಲ್ಲಿ ಅದನ್ನು ಬದಲಿಸಿ ತಜ್ಞರ ಸಮಿತಿ ಮಾಡಿತು. ಹೊಗೆ ಇಲ್ಲದ ಕರೆಂಟು ಬೇಕು ನಿಜ. ನಮ್ಮ ಮನೆಯ ಮಿಕ್ಸರ್, ಫ್ರಿಜ್ ಓಡಬೇಕು. ಹಾಗಂತ ಈ ಹಕ್ಕಿಯ ಹಾದಿಯಲ್ಲೇ ತಂತಿ ಎಳೆಯಬೇಕೇ ಅಂತ ನನ್ನ ಹೆಂಗರುಳು ಕೇಳುತ್ತದೆ.

ಖುಡಿಯ ಸೊಸೆಯ ಮಾತನ್ನೂ ನಿಮಗೆ ಹೇಳದೆ ಇದ್ದರೆ ನ್ಯಾಯವಲ್ಲ. ಉದ್ಯಾನದೊಳಗಿನ ಒಂಟಿ ಬಿಡಾರವೊಂದು ಆಕೆಯ ತವರು. "ಹಕ್ಕಿಗೆ ತೊಂದರೆ ಅಂತ ನಮ್ಮ ಊರಿಗೆ ರಸ್ತೆ ಬರಲಿಲ್ಲ, ಕರೆಂಟು ಬರಲಿಲ್ಲ. ಹೆರಿಗೆಗೆ ಒಂಟೆ ಗಾಡಿಯೇ ಗತಿ" ಅಂದಳು. ಹಕ್ಕಿಯ ಮೇಲೆ ಆಕೆಗೆ ಸಿಟ್ಟಿಲ್ಲ. "ಅದು ನಮಗಿಂತ ಮೊದಲಿನಿಂದ ಇದೆ" ಅಂತಲೂ ಅವಳೇ ಅಂದಳು. ದೂರದ ಪಟ್ಟಣಕ್ಕೆ ಹೋಗುವ ತಂತಿ ತಲೆಯ ಮೇಲೆ ಹಾಯುತ್ತದೆ, ತವರಿನಲ್ಲಿ ಮಾತ್ರ ದೀಪ ಇಲ್ಲ ಎಂಬುದು ಅವಳ ನೋವು. ನನಗೆ ಉತ್ತರ ತೋಚಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಅತ್ತೆ ಕೇಳಿದರು, "ನಮ್ಮಲ್ಲಿದ್ದವು ಎಲ್ಲಿ ಹೋದವು?" ಅಂತ. ಮಗಳು ಓದಿ ಹೇಳಿದಳು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗದ ಅಭಯಾರಣ್ಯ ಆದದ್ದು 1974ರಲ್ಲಿ. 119 ಚದರ ಕಿಲೋಮೀಟರಿನ ಆ ಜಾಗದ ಬಹುಪಾಲು ನೀಲಗಿರಿ ನೆಡುತೋಪು. ಬರೀ ಹುಲ್ಲಿದ್ದರೆ ಬೀಳು, ಮರ ನೆಟ್ಟರೆ ಕಾಡು ಎಂಬ ಲೆಕ್ಕ. ಚಿಗರಿಗಳು ಹೇಗೋ ಹೊಂದಿಕೊಂಡು ಉಳಿದವು, ಈಗಂತೂ ರೈತರ ಹೊಲಕ್ಕೇ ನುಗ್ಗುತ್ತವೆ. ಎರೆಭೂತಕ್ಕೆ ನಾಲ್ಕೂ ದಿಕ್ಕಿಗೆ ದೂರದವರೆಗೆ ಕಾಣುವ ಬಯಲು ಬೇಕು. ಮರದ ಸಂದಿಯಲ್ಲಿ ಅದು ಬಾಳುವುದಿಲ್ಲ. "ನೀಲಗಿರಿ ಹಚ್ಚಾಕ ನಾನೂ ಕೂಲಿಗೆ ಹೋಗಿದ್ದೆ. ದಿನಕ್ಕ ಎರಡು ರೂಪಾಯಿ ಕೊಡತಿದ್ರು. ಚಲೋ ಕೆಲಸ ಅಂತ ತಿಳದಿದ್ವಿ" ಅಂದರು ಅತ್ತೆ. ಆಮೇಲೆ ಜೈಸಲ್ಮೇರ್ ಬರುವವರೆಗೆ ಮಾತಾಡಲಿಲ್ಲ.

ಹೋಗುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಡಿಸೆಂಬರಿನ ಕೊನೆಯ ವಾರ ಬಿಟ್ಟರೆ ಖರ್ಚೂ ಕಮ್ಮಿ, ಗದ್ದಲವೂ ಕಮ್ಮಿ. ಮರಳಿಗೆ ಚಪ್ಪಲಿ ಆಗದು, ಕ್ಯಾನ್ವಾಸ್ ಬೂಟೇ ಒಳ್ಳೆಯದು, ಬೆಳಗ್ಗೆ ಹಾಕುವ ಮುಂಚೆ ಕೊಡವಿ ನೋಡಿ. ತುಟಿಗೆ, ಹಿಮ್ಮಡಿಗೆ ತುಪ್ಪವೋ ವ್ಯಾಸಲೀನೋ ಬೇಕೇ ಬೇಕು. ಮುಡಿಗೆ ಬಟ್ಟೆ ಕಟ್ಟದಿದ್ದರೆ ಊರಿಗೆ ಬಂದು ಎರೆದುಕೊಂಡಾಗ ಬಚ್ಚಲಲ್ಲಿ ಅರ್ಧ ಸೇರು ಮರಳು! ಹಕ್ಕಿ ನೋಡಲು ಹೋಗುವ ದಿನ ಕೆಂಪು, ಹಳದಿ ಸೀರೆ ಬೇಡ, ಮಣ್ಣಿನ ಬಣ್ಣದ್ದು ಉಡಿ. ಫೋಟೋಕ್ಕಾಗಿ ಜೀಪನ್ನು ಹತ್ತಿರ ಓಡಿಸಿ ಅಂತ ಗೈಡನ್ನು ಪೀಡಿಸಬೇಡಿ, ಹಕ್ಕಿ ಬೆದರಿ ಹಾರಿದರೆ ತಂತಿಗೆ ಸಿಕ್ಕೀತು.

ಜೈಸಲ್ಮೇರಿನ ಪೇಟೆಯಲ್ಲಿ ಒಣ ಸಾಂಗರಿ ಮತ್ತು ಕೇರ್ ತಂದೆ. ಸಾಂಗರಿ ಅಂದರೆ ಆ ಬನ್ನಿಯ ಎಳೆಗಾಯಿ. ಕೇರ್ ಎಂಬುದು ಅಲ್ಲಿನ ಮುಳ್ಳುಪೊದೆಯ ಸಣ್ಣ ಗುಂಡು ಕಾಯಿ. ಗೋಡಂಬಿಗಿಂತ ತುಟ್ಟಿ, ಆದರೆ ಸ್ವಲ್ಪಕ್ಕೇ ಬಹಳ ಆಗುತ್ತದೆ. ಒಂದು ಬಟ್ಟಲು ಸಾಂಗರಿಯನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಅರ್ಧ ಬಟ್ಟಲು ಕೇರನ್ನು ಬೇರೆಯಾಗಿ ಮಜ್ಜಿಗೆಯಲ್ಲಿ ನೆನೆಸಿ, ಕಹಿ ಹೋಗುತ್ತದೆ. ಬೆಳಗ್ಗೆ ಎರಡನ್ನೂ ಚೆನ್ನಾಗಿ ತೊಳೆದು, ಬೇಯಿಸಿ, ನೀರು ಬಸಿದುಬಿಡಿ. ಬಾಣಲೆಯಲ್ಲಿ ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ ಜೀರಿಗೆ, ಇಂಗು, ನಾಲ್ಕು ಒಣಮೆಣಸಿನಕಾಯಿ ಒಗ್ಗರಣೆ ಮಾಡಿ. ಅರಿಸಿನ, ಖಾರದ ಪುಡಿ, ಕೊತ್ತಂಬರಿ ಪುಡಿ, ಉಪ್ಪು, ಬೆಂದ ಕಾಯಿ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಇಳಿಸುವ ಮುಂಚೆ ಒಂದು ಚಮಚ ಒಣ ಮಾವಿನಕಾಯಿ ಪುಡಿ, ಬೇಕಿದ್ದರೆ ಸ್ವಲ್ಪ ಒಣದ್ರಾಕ್ಷಿ. ನೀರು ಒಂದು ಹನಿಯೂ ಹಾಕಬೇಡಿ. ಅದಕ್ಕೇ ಇದು ಎರಡು ಮೂರು ದಿನ ಕೆಡದೆ ಇರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಸಜ್ಜೆ ರೊಟ್ಟಿಯ ಜೊತೆ ಅದೇ ರಾತ್ರಿ ಮುಗಿದುಹೋಯಿತು.